ರಾಧಾಮಣಿ ತಿರುಮಣಿಗೆ ಮೂವರನ್ನು ಕರೆತಂದದ್ದು

ಮಧುಗಿರಿಯ ಹಿಟ್ಟಿನ ಗಿರಣಿಯೊಂದರ ಮಹಡಿಯ ಮೇಲೆ ರಾಧಾಮಣಿಯ ಆಫೀಸು. ಕೆಳಗೆ ರಾಗಿ ಬೀಸುತ್ತಿದ್ದರೆ ಮೇಲೆ ಮಾತಾಡುವವರು ಕಿರುಚಿಕೊಳ್ಳಬೇಕು. ರಾಧಾಮಣಿಗೆ ಆ ತೊಂದರೆ ಇಲ್ಲ. ಅವಳ ಮಾಮೂಲಿ ಗಂಟಲೇ ಗಿರಣಿಗಿಂತ ಒಂದು ಕೈ ಮೇಲು. ನಕ್ಕಳೆಂದರಂತೂ ಹಿಟ್ಟು ಬೀಸಿಸಲು ಬಂದವರೆಲ್ಲ ತಲೆಯೆತ್ತಿ ನೋಡುತ್ತಾರೆ. “ಮೇಡಮ್ಮೋರಿಗೆ ಯಾವುದೋ ಮಗೂಗೆ ಮನೆ ಸಿಕ್ತು ಅಂತ ಕಾಣ್ತದೆ” ಎನ್ನುತ್ತಾನೆ ಗಿರಣಿಯವನು. ಬಹಳ ಸಲ ಅವನ ಊಹೆ ಸರಿಯಾಗಿಯೇ ಇರುತ್ತದೆ.

ಅವಳೂ ನಾನೂ ಕೊರಟಗೆರೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ನಾನು ಈಗ ಮಧುಗಿರಿಯಲ್ಲಿ ಕನ್ನಡ ಮೇಡಂ. ಅವಳು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳಲ್ಲಿ ಮಕ್ಕಳಿಗೆ ಮನೆ ಹುಡುಕುವ ಒಂದು ಪುಟ್ಟ ಸಂಸ್ಥೆಯ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ಕೈಕೆಳಗೆ ದೊಡ್ಡ ದಂಡೇ ಇದೆ ಎಂದುಕೊಳ್ಳಬೇಡಿ. ಇರುವವಳು ಶಿರಾದ ಶಾಜಿಯಾ ಒಬ್ಬಳೇ. ಮಕ್ಕಳ ಜೊತೆ ಮಾತಾಡುವುದು ಅವಳ ಕೆಲಸ, ದೊಡ್ಡವರ ಜೊತೆ ಜಗಳ ಆಡುವುದು ರಾಧಾಮಣಿಯ ಕೆಲಸ.

ಜಗಳವೂ ಬೇಕಾದಷ್ಟು ಇರುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಯಾರೋ ಸ್ವೀಟ್ ಬಾಕ್ಸ್ ಹಿಡಿದು ನಿಂತಿರುತ್ತಾರೆ. “ಮೇಡಂ, ಬೆಳ್ಳಗಿರೋದು, ಗಂಡು, ಆರು ತಿಂಗಳ ಒಳಗಿಂದು ಒಂದು ಬೇಕಿತ್ತು.” ರಾಧಾಮಣಿ ಬಾಕ್ಸ್ ಮುಚ್ಚಿ ವಾಪಸ್ಸು ಕೈಗಿಡುತ್ತಾಳೆ. “ಇದೇನು ಸೀರೆ ಅಂಗಡೀನಾ? ಬಣ್ಣ, ಅಂಚು, ಅಳತೆ ಹೇಳೋಕೆ!” ಎಂದು ಒಂದು ಸುತ್ತು ಬೈದು, ಆಮೇಲೆ ಕೂರಿಸಿ ನೀರು ಕೊಟ್ಟು, ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸುವುದು ಹೇಗೆ, ವರ್ಷಗಟ್ಟಲೆ ಕಾಯುವುದು ಹೇಗೆ ಎಂದೆಲ್ಲ ಸಮಾಧಾನವಾಗಿ ಹೇಳುತ್ತಾಳೆ. ಶಿರಾದಲ್ಲಿ ಬೀಗದಂಗಡಿ ಇಟ್ಟಿರುವ ಹಫೀಜ್ ಸಾಬರು ಹಾಗೆ ನಾಲ್ಕು ವರ್ಷ ಕಾದರು. ಅವರ ಸರದಿ ಬಂತೆಂದು ಫೋನು ಬಂದ ದಿನ ಅಂಗಡಿ ತುಂಬ ಬೀಗ ಇದ್ದರೂ ಒಂದನ್ನೂ ಹಾಕದೆ, ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದರಂತೆ. ಆ ಮಗಳಿಗೆ ಈಗ ಮೂರು ವರ್ಷ. ಅಂಗಡಿಯ ಬೀಗದ ಕೈಗಳನ್ನೆಲ್ಲ ಕಲಸಿ ಹಾಕುವುದೇ ಅವಳ ಆಟ.

ಅದು ದತ್ತು. ಇನ್ನೊಂದು ಪೋಷಕತ್ವ ಅಂತ ಇದೆ. ಸ್ವಲ್ಪ ದೊಡ್ಡವರಾದ, ಮನೆಯಿಲ್ಲದ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಒಂದು ಕುಟುಂಬ ಕರೆದುಕೊಂಡು ಹೋಗಿ ಸಾಕುವುದು. ಮಗು ಅವರ ಹೆಸರಿಗೆ ಬರುವುದಿಲ್ಲ. ಕೆಲವು ವರ್ಷ ಸಾಕಿ, ಎಲ್ಲ ಒಗ್ಗಿಬಂದರೆ ಆಮೇಲೆ ದತ್ತಿಗೂ ಕೇಳಬಹುದು. ಇದು ನಮ್ಮ ಕಡೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. “ನಮ್ದಲ್ಲ ಅಂದ್ಮೇಲೆ ನಾವ್ಯಾಕೆ ಸಾಕ್ಬೇಕು?” ಅಂತ ಕೇಳುವವರೇ ಎಲ್ಲ.

ರಾಧಾಮಣಿಗೆ ಈ ಕೆಲಸದ ಪಾಠ ಆದದ್ದು ಅವಳ ಅಪ್ಪನಿಂದ. ಸಿದ್ದಗಂಗಯ್ಯನವರು ಕೊರಟಗೆರೆಯಲ್ಲಿ ಮದುವೆ ದಲ್ಲಾಳಿ. ನಲವತ್ತು ವರ್ಷ ಚೀಲದ ತುಂಬ ಜಾತಕ ತುಂಬಿಕೊಂಡು ಪ್ರೈವೇಟ್ ಬಸ್ಸುಗಳಲ್ಲಿ ಓಡಾಡಿದವರು. ರಜೆಯಲ್ಲಿ ಮಗಳನ್ನೂ ಕರೆದೊಯ್ಯುತ್ತಿದ್ದರು. ಗಂಡಿನ ಮನೆಗೆ ಹೋದರೆ ನಡುಮನೆಯಲ್ಲಿ ಕೂರುತ್ತಿರಲಿಲ್ಲ. “ಮುಂದ್ಗಡೆ ಎಲ್ಲಾರೂ ಗುಡಿಸಿಟ್ಟಿರ್ತಾರೆ ಕಣಮ್ಮ. ಹಿತ್ಲಿಗೆ ಹೋಗಿ ನೋಡ್ಬೇಕು. ಪಕ್ಕದ್ಮನೇರ್ನ ಮಾತಾಡಿಸ್ಬೇಕು” ಎನ್ನುತ್ತಿದ್ದರು. ಮಗಳು ಈ ವಿದ್ಯೆ ಎಷ್ಟು ಚೆನ್ನಾಗಿ ಕಲಿತಳೆಂದರೆ, ತನಗೆ ಬಂದ ಹನ್ನೊಂದು ಗಂಡುಗಳ ಮನೆಯ ಹಿತ್ತಿಲನ್ನೂ ನೋಡಿ ಹನ್ನೊಂದನ್ನೂ ಬೇಡವೆಂದಳು. ಈಗ ಅವಳಿಗೆ ನಲವತ್ತೇಳು. ಆ ಹನ್ನೊಂದರ ಕಥೆಯನ್ನು ಈಗಲೂ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಾಳೆ. ಅಪ್ಪ ಮಾತ್ರ ನಗುವುದಿಲ್ಲ.

ಹಂಸವೇಣಿ ಎಂಬ ಹುಡುಗಿ ಮತ್ತು ಅವಳ ತಮ್ಮಂದಿರ ವಿಷಯ ರಾಧಾಮಣಿಯ ಕೈಗೆ ಬಂದದ್ದು ಮೂರು ವರ್ಷದ ಹಿಂದೆ. ಬುಕ್ಕಾಪಟ್ಟಣದ ಆಚೆಯ ಒಂದು ಊರಿನ ಮಕ್ಕಳು. ತಾಯಿ ತೀರಿಕೊಂಡಿದ್ದಳು, ತಂದೆ ಅದಕ್ಕೂ ಮೊದಲೇ ಎಲ್ಲಿಗೋ ಹೋದವನು ಪತ್ತೆಯಿಲ್ಲ. ಸಾಕಿದ ಅಜ್ಜಿಯೂ ಹೋದ ಮೇಲೆ ಸಮಿತಿಯವರು ಮಕ್ಕಳನ್ನು ತುಮಕೂರಿನ ಬಾಲಮಂದಿರಕ್ಕೆ ಸೇರಿಸಿದರು. ಅಲ್ಲಿ ಬಂತು ತೊಡಕು. ಹುಡುಗಿಯರ ಮಂದಿರ ಬೇರೆ, ಹುಡುಗರದ್ದು ಬೇರೆ. ಹನ್ನೊಂದು ವರ್ಷದ ಹಂಸವೇಣಿ ಒಂದು ಕಡೆ, ಏಳು ವರ್ಷದ ಅವಳಿ ಹುಡುಗರು ಅಂಜಿ ಮತ್ತು ಓಬಳೇಶ ಊರಿನ ಇನ್ನೊಂದು ತುದಿಯಲ್ಲಿ. ತಿಂಗಳಿಗೊಮ್ಮೆ ಭೇಟಿ.

ಹಂಸವೇಣಿಯ ಹತ್ತಿರ ಒಂದು ನೋಟ್‌ಬುಕ್ ಇತ್ತು. ಮುಂದಿನ ಭೇಟಿಯಲ್ಲಿ ತಮ್ಮಂದಿರನ್ನು ಏನೇನು ಕೇಳಬೇಕೆಂದು ತಿಂಗಳೆಲ್ಲ ಬರೆದಿಡುತ್ತಿದ್ದಳು. ‘ಅಂಜಿ ಹಲ್ಲು ಬಿತ್ತಾ. ಓಬಳೇಶನ ಉಗುರು ಯಾರು ಕತ್ತರಿಸುತ್ತಾರೆ. ಅಂಜಿ ಮಜ್ಜಿಗೆ ಕುಡಿದರೆ ಕೆಮ್ಮು ಬರುತ್ತೆ ಅಂತ ಅಡಿಗೆಯವರಿಗೆ ಗೊತ್ತಾ.’ ಶಾಜಿಯಾ ಅದನ್ನು ಓದಿ ಬಂದು ಆಫೀಸಿನಲ್ಲಿ ಅತ್ತಳು. ರಾಧಾಮಣಿ ಅಳಲಿಲ್ಲ. ಎದ್ದು ಸೆರಗು ಸಿಕ್ಕಿಸಿಕೊಂಡು, “ಮೂರನ್ನೂ ಒಂದೇ ಮನೆಗೆ ಸೇರಿಸ್ತೀನಿ. ಆಗ್ಲಿಲ್ಲ ಅಂದ್ರೆ ನನ್ನ ಹೆಸ್ರು ರಾಧಾಮಣಿ ಅಲ್ಲ” ಅಂದಳು.

ಹದಿನೇಳು ಮನೆ ಹತ್ತಿ ಇಳಿದಳು. ಒಬ್ಬರಿಗೆ ಹುಡುಗ ಒಬ್ಬನೇ ಸಾಕು. ಒಬ್ಬರಿಗೆ ಅವಳಿಯಲ್ಲಿ ಚೆನ್ನಾಗಿ ಓದುವವನು ಬೇಕು. ಮಧುಗಿರಿಯ ದೊಡ್ಡ ಮನೆಯೊಂದರಲ್ಲಿ ಕಾಫಿ ಕೊಟ್ಟು, “ಹುಡುಗಿ ಪಾತ್ರೆಗೀತ್ರೆ ತೊಳೀತಾಳಾ?” ಎಂದು ಕೇಳಿದರು. ರಾಧಾಮಣಿ ಕಾಫಿ ಪೂರ್ತಿ ಕುಡಿದು, ಬಚ್ಚಲಿಗೆ ಹೋಗಿ ಆ ಲೋಟವನ್ನು ತಾನೇ ಫಳಫಳ ತೊಳೆದು ಮೇಜಿನ ಮೇಲೆ ಬೋರಲು ಹಾಕಿ, “ಹಿಂಗೆ ತೊಳ್ಕೋಬೇಕು, ನೋಡ್ಕೊಳ್ಳಿ” ಎಂದು ಎದ್ದು ಬಂದಳಂತೆ. ನನಗೆ ಹೇಳುವಾಗ ಮಾತು ಮುಗಿಸಲಾಗದಷ್ಟು ನಗು ಅವಳಿಗೆ.

ಹದಿನೆಂಟನೆಯದು ತಿರುಮಣಿ. ಪಾವಗಡದ ಆಚೆ, ಮಾತಿಗೆ ತೆಲುಗು ಬೆರೆಸುವ ಗಡಿಸೀಮೆಯ ಸೋಲಾರ್ ಪಾರ್ಕಿನ ಊರು. ಅಲ್ಲಿಯ ಪಂಚಾಯಿತಿ ಕಚೇರಿಯಲ್ಲಿ ಪೋಷಕತ್ವದ ಬಗ್ಗೆ ಸಭೆ ಇಟ್ಟುಕೊಂಡಿದ್ದಳು. ನಲ್ಲಿ ನೀರು ಬಿಡುವ ನೀರುಗಂಟಿಗೆ ಊರಲ್ಲಿ ಸಾರಲು ಹೇಳಿದ್ದರು. ಅವನಿಗೆ ‘ಪೋಷಕತ್ವ’ ಬಾಯಿಗೆ ಬರಲಿಲ್ಲ. ‘ಮಕ್ಕಳನ್ನು ಸಾಕುವ ಮೀಟಿಂಗು’ ಎಂದು ಶುರು ಮಾಡಿ, ನಾಲ್ಕನೇ ಬೀದಿಗೆ ಬರುವ ಹೊತ್ತಿಗೆ ಅದು ‘ಸಾಕಾಣಿಕೆ ಮೀಟಿಂಗು’ ಆಗಿತ್ತು. ಸರ್ಕಾರದವರು ಕುರಿಮರಿ ಕೊಡುತ್ತಾರೆ ಎಂದು ಊರೆಲ್ಲ ಸುದ್ದಿ. ಮರುದಿನ ಹಾಲ್ ತುಂಬಿ ಹೊರಗೂ ಜನ. ರಾಧಾಮಣಿ ಹಿಗ್ಗಿಹೋದಳು. ಇಷ್ಟು ಜನವನ್ನು ಅವಳು ಯಾವ ಸಭೆಯಲ್ಲೂ ಕಂಡಿರಲಿಲ್ಲ.

“ಮೂರು ಇದಾವೆ. ಒಂದು ಹೆಣ್ಣು, ಎರಡು ಗಂಡು. ಮೂರೂ ಒಂದೇ ತಾಯೀವು” ಎಂದು ಅವಳು ಶುರು ಮಾಡಿದಳು.

“ಎಷ್ಟು ತಿಂಗಳ್ವಮ್ಮಾ?” ಮುಂದಿನ ಸಾಲಿನವನೊಬ್ಬ ಕೇಳಿದ.

“ತಿಂಗಳಲ್ಲಪ್ಪಾ, ಹನ್ನೊಂದು ವರ್ಷ ಒಂದಕ್ಕೆ, ಏಳು ವರ್ಷ ಎರಡಕ್ಕೆ.”

“ಹನ್ನೊಂದು ವರ್ಷದ ಕುರೀನಾ!”

ಆಮೇಲೆ ಗೊತ್ತಾಯಿತು. ರಾಧಾಮಣಿ ಮೇಜು ಹಿಡಿದುಕೊಂಡು ನಗಲು ಶುರು ಮಾಡಿದಳು, ಶಾಜಿಯಾ ಮುಖ ಮುಚ್ಚಿಕೊಂಡಳು, ಊರಿನವರೂ ನಕ್ಕು ಒಬ್ಬೊಬ್ಬರೇ ಎದ್ದು ಹೋದರು. ಕೊನೆಗೆ ಫ್ಯಾನಿನ ಕೆಳಗೆ ಒಬ್ಬನೇ ಉಳಿದ. ಐವತ್ತರ ಮೇಲಿನ ವಯಸ್ಸು, ಗಟ್ಟಿ ಆಳು, ಹೆಗಲ ಮೇಲೆ ಟವಲು. ಹೆಸರು ಕದರಪ್ಪ. ಗಾಳಿಗೆ ಕೂತಿದ್ದಾನೋ ಏನೋ ಎಂದುಕೊಂಡು ರಾಧಾಮಣಿ ಖಾಲಿ ಕುರ್ಚಿಗಳ ಮುಂದೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದಳು. ಮಕ್ಕಳ ಹೆಸರು, ಊರು ಹೇಳಲಿಲ್ಲ, ಹೇಳುವಂತಿಲ್ಲ. ಅಕ್ಕ ಒಂದು ಕಡೆ, ತಮ್ಮಂದಿರು ಒಂದು ಕಡೆ, ಅಷ್ಟೇ ಹೇಳಿದಳು.

ಕದರಪ್ಪ ಎದ್ದು ನಿಂತ. “ಅಮ್ಮಾ, ಮೂರ್ನೂ ಒಂದೇ ಕಡೆ ಕೊಡ್ತೀರಾ, ಬಿಡಿಬಿಡಿ ಕೊಡ್ತೀರಾ?”

“ಅಣ್ಣಾ, ಅವು ಮರಿ ಅಲ್ಲ, ಮಕ್ಕಳು.”

“ತೆಲುಸಮ್ಮಾ, ತೆಲುಸು. ಮರಿ ಆಗಿದ್ರೆ ಬಿಡಿಯಾಗಾದ್ರೂ ತಗೋತಿದ್ದೆ. ಮಕ್ಕಳ್ನ ಹೆಂಗೆ ಬಿಡಿ ಮಾಡ್ತೀರಿ?”

ರಾಧಾಮಣಿ ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಮಧುಗಿರಿಯ ಆಫೀಸಿನ ವಿಳಾಸ ಬರೆದುಕೊಟ್ಟಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕದರಪ್ಪ ಹೆಂಡತಿ ಮಂಜಮ್ಮನನ್ನು ಕರೆದುಕೊಂಡು ಮಧುಗಿರಿಯ ಮಹಡಿ ಹತ್ತಿದ. ಮಂಜಮ್ಮ ಕೂರುವ ಮುಂಚೆಯೇ ಮಾತು ಶುರು ಮಾಡಿದಳು. “ಮರಿ ತತ್ತೀನಿ ಅಂತ ಹೋದ ಮನುಷ್ಯ. ಬರಿಗೈಲಿ ಬಂದ. ಎಲ್ಲೋ ಅಂದ್ರೆ, ಮಂಜೂ, ಮೂರು ಮಕ್ಕಳು ತರೋಣ ಅಂತಾನೆ. ನಾನು ಕೊಟ್ಟಿಗೆ ಗುಡಿಸಿ ಕೂತಿದ್ದೆ ಕಣಮ್ಮಾ!”

“ನಿಮಗೆ ಇಷ್ಟ ಇಲ್ವಾ?” ರಾಧಾಮಣಿ ಕೇಳಿದಳು.

“ಇಷ್ಟ ಇಲ್ದೆ ಎರಡು ಬಸ್ಸು ಹತ್ತಿ ಬತ್ತಾರಾ?”

ಅವರ ಹೊಲ ಪೂರಾ ಸೋಲಾರಿಗೆ ಗುತ್ತಿಗೆ ಹೋಗಿತ್ತು. ಮಕ್ಕಳಾಗಿರಲಿಲ್ಲ. ಹೊಲ ಇದ್ದಾಗ ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ಹೊಲ ಕೈಬಿಟ್ಟ ಮೇಲೆ ಕದರಪ್ಪನಿಗೆ ದಿನ ಕಳೆಯುವುದೇ ಕಷ್ಟವಾಯಿತು. ಒಂದೇ ವರ್ಷದಲ್ಲಿ ಬಾಗಿಲಿಗೆ ಮೂರು ಸಲ ಬಣ್ಣ ಹೊಡೆದ. ಹಿತ್ತಿಲಲ್ಲಿ ಒಂದು ಗುಂಡಿ ತೋಡಿ, ಯಾಕೆ ತೋಡಿದೆ ಎಂದು ಗೊತ್ತಾಗದೆ ಮುಚ್ಚಿದ. “ಒಲೆ ಮೇಲ್ಗಡೆ ನನ್ನ ಡಬ್ಬಿಗಳ್ನ ದಿನಾ ಸಾಲಾಗಿ ಜೋಡಿಸ್ತಾನೆ. ಒಗ್ಗರಣೆ ಸೀದು ಹೋಗ್ತಾ ಇರ್ತದೆ, ನಾನು ಸಾಸಿವೆ ಎಲ್ಲೈತೆ ಅಂತ ಹುಡುಕ್ತಾ ಇರ್ತೀನಿ” ಎಂದು ಮಂಜಮ್ಮ ದೂರಿದಳು.

ರಾಧಾಮಣಿ ಮನೆ ನೋಡಲು ಹೋದಾಗ ನೆಟ್ಟಗೆ ಹಿತ್ತಿಲಿಗೇ ಹೋದಳು. ಬಟ್ಟೆ ಒಗೆಯುವ ಕಲ್ಲು, ನೀರಿನ ತೊಟ್ಟಿ, ನಾಯಿಗೆ ಅನ್ನ ಹಾಕುವ ತಟ್ಟೆ ಎಲ್ಲ ನೋಡಿದಳು. ತಟ್ಟೆ ತೊಳೆದಿತ್ತು. ಪಕ್ಕದ ಮನೆಯ ಕೆಂಪಯ್ಯನನ್ನು ಬೇಲಿಯ ಮೇಲಿಂದಲೇ ಕೇಳಿದಳು. “ಇವ್ರು ಹೆಂಗೆ?”

“ಗಂಡ ಹೆಂಡ್ತಿ ಕಿತ್ತಾಡಿದ್ರೆ ಇಡೀ ಬೀದಿಗೆ ಕೇಳ್ತದೆ” ಅಂದ ಕೆಂಪಯ್ಯ. “ಹತ್ತು ನಿಮಿಷ ಆದ್ಮೇಲೆ ನಗೋದೂ ಕೇಳ್ತದೆ.”

ಮಕ್ಕಳನ್ನೂ ಇವರನ್ನೂ ಮೊದಲ ಸಲ ಮಧುಗಿರಿಯ ಆಫೀಸಿನಲ್ಲೇ ಸೇರಿಸಿದರು. ಅವತ್ತು ನಾನೂ ಇದ್ದೆ. ಹುಡುಗರು ಬಂದವರೇ ಅಕ್ಕನ ಮೇಲೆ ಬಿದ್ದರು. ಅವಳು ಇಬ್ಬರನ್ನೂ ಗೋಡೆಗೆ ನಿಲ್ಲಿಸಿ, ಉಗುರು ನೋಡಿ, ಕಿವಿ ನೋಡಿ, ಬಾಯಿ ತೆಗೆಸಿ ಹಲ್ಲು ಎಣಿಸಿದಳು. ಕದರಪ್ಪ ಬುಟ್ಟಿ ತುಂಬ ಕಡಲೆಕಾಯಿ ಉಂಡೆ ತಂದಿದ್ದ. ಅವಳಿಗಳು ಹದಿನಾಲ್ಕು ತಿಂದರು. ಎಣಿಸಿದವನು ಅವನೇ, ಸಂತೋಷಕ್ಕೆ.

ಹಂಸವೇಣಿ ಉಂಡೆ ಮುಟ್ಟಲಿಲ್ಲ. ನೋಟ್‌ಬುಕ್ ಬಿಚ್ಚಿ, ಗಂಡ ಹೆಂಡತಿಯ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತಳು.

“ನೀವು ಜಗಳ ಆಡ್ತೀರಾ?”

ಕದರಪ್ಪ ಹೆಂಡತಿಯ ಮುಖ ನೋಡಿದ. ಮಂಜಮ್ಮ, “ದಿನಾ ಆಡ್ತೀವವ್ವಾ” ಅಂದಳು.

“ಯಾತಕ್ಕೆ?”

“ಉಪ್ಪಿಗೆ. ಈಯಪ್ಪ ಜಾಸ್ತಿ ಅಂತಾನೆ, ನಾನು ಕಮ್ಮಿ ಅಂತೀನಿ.”

ಹಂಸವೇಣಿ ಬರೆದುಕೊಂಡಳು. “ಹೊಡೀತೀರಾ?”

ಕದರಪ್ಪ ಟವಲನ್ನು ಹೆಗಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಲೇದು ತಲ್ಲೀ. ಎತ್ತಿಗೂ ಹೊಡೆದವ್ನಲ್ಲ ನಾನು. ಇವ್ಳನ್ನ ಕೇಳು.”

“ಹೊಡೆಯೋದಿರ್ಲಿ, ಬೈಯೋಕೂ ಬರಲ್ಲ ಈ ಮನುಷ್ಯಂಗೆ. ಬೈಗುಳೆಲ್ಲ ನನ್ದೇ” ಅಂದಳು ಮಂಜಮ್ಮ.

“ನಾವು ಮೂರು ಜನ ಒಂದೇ ಕೋಣೇಲಿ ಮಲಗ್ಬೇಕು.”

“ಮಲಗ್ರಿ. ಬೇಕಾದ್ರೆ ನಾಯೀನೂ ಕರ್ಕೊಳ್ರಿ” ಅಂದ ಕದರಪ್ಪ.

“ನಾಯಿ ಐತಾ!” ಅಂಜಿ ಬಾಯಲ್ಲಿ ಉಂಡೆ ಇಟ್ಟುಕೊಂಡೇ ಕೂಗಿದ. ಅವನ ಮಟ್ಟಿಗೆ ವಿಚಾರಣೆ ಅಲ್ಲಿಗೇ ಮುಗಿಯಿತು. ಹಂಸವೇಣಿ ಇನ್ನೂ ಆರು ಪ್ರಶ್ನೆ ಕೇಳಿ, ಪುಸ್ತಕ ಮುಚ್ಚಿ, ರಾಧಾಮಣಿಯ ಕಡೆ ತಿರುಗಿ, “ನೋಡ್ತೀನಿ ಆಂಟಿ” ಅಂದಳು. ಆಮೇಲೆ ಒಂದು ಉಂಡೆ ತೆಗೆದುಕೊಂಡಳು.

ಓಡಾಟ, ಕಾಗದ, ಪೊಲೀಸ್ ಪರಿಶೀಲನೆ ಎಲ್ಲ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಮೇ ಕೊನೆಯಲ್ಲಿ ತುಮಕೂರಿನಲ್ಲಿ ಸಮಿತಿಯ ಮುಂದೆ ಹಾಜರಾಗುವ ದಿನ ಬಂತು. ನಾಲ್ಕು ದಿನದಲ್ಲಿ ಶಾಲೆ ಶುರು. ಅವತ್ತು ತಪ್ಪಿದರೆ ಮಕ್ಕಳು ಇನ್ನೊಂದು ವರ್ಷ ಬೇರೆಬೇರೆ ಶಾಲೆಗೆ ದಾಖಲಾಗಿಬಿಡುತ್ತಿದ್ದರು.

ಮಧ್ಯಾಹ್ನ ಒಂದು ಗಂಟೆಗೆ ನನ್ನ ಫೋನು ಬಡಿದುಕೊಂಡಿತು. ನನಗೆ ರಜೆ, ಮಾವಿನಕಾಯಿ ಹೆಚ್ಚುತ್ತಿದ್ದೆ. “ಲೇ, ಚಾಕು ಕೆಳಗಿಟ್ಟು ಬಸ್‌ಸ್ಟ್ಯಾಂಡಿಗೆ ಓಡೇ!” ರಾಧಾಮಣಿ. ನನ್ನ ಕೈಯಲ್ಲಿ ಚಾಕು ಇದೆಯೆಂದು ಅವಳಿಗೆ ಹೇಗೆ ಗೊತ್ತಾಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದದ್ದು ಇಷ್ಟು. ಗಂಡ ಹೆಂಡತಿಯ ಆರೋಗ್ಯದ ಸರ್ಟಿಫಿಕೇಟ್ ಇಬ್ಬರದೂ ಬೇಕು, ಅಸಲೇ ಬೇಕು. ಕದರಪ್ಪ ಸಡಗರದಲ್ಲಿ ತನ್ನದನ್ನು ಮನೆಯಲ್ಲೇ ಬಿಟ್ಟು, ಅದರ ಬದಲು ಸೋಲಾರಿನ ಗುತ್ತಿಗೆ ಪತ್ರ ಹಿಡಿದು ಬಂದಿದ್ದ. ಸಮಿತಿಯ ಹಿರಿಯ ಸದಸ್ಯ ನಂದೀಶ್ವರಯ್ಯನವರು ನಿವೃತ್ತ ಹೆಡ್‌ಮಾಸ್ಟರು, ಕಟ್ಟುನಿಟ್ಟಿನ ಮನುಷ್ಯ. “ನಾಲ್ಕು ಗಂಟೆ ತನಕ ಕೂತಿರ್ತೀನಿ. ತಂದ್ರೆ ನೋಡೋಣ” ಎಂದಿದ್ದರು.

ತಿರುಮಣಿಯಿಂದ ತುಮಕೂರಿಗೆ ನೂರು ಕಿಲೋಮೀಟರ್ ಮೇಲೆ. ಮಂಜಮ್ಮ ಫೋನಿನಲ್ಲಿ ಕೆಂಪಯ್ಯನಿಗೆ ಬೀಗದ ಕೈ ಇರುವ ಜಾಗ ಹೇಳಿದಳು. “ಕಾಗದ ಬೇರೆಲ್ಲೂ ಇರಲ್ಲ. ಬೆಲೆಬಾಳೋದ್ನೆಲ್ಲ ಡಬ್ಬಿ ಸಾಲಿನ ಹಿಂದೆ ಇಡ್ತಾನೆ. ಮೆಂತ್ಯದ ಡಬ್ಬಿ ನೋಡಪ್ಪಾ!” ಅಲ್ಲೇ ಇತ್ತು. ಕೆಂಪಯ್ಯ ಬೈಕಿನಲ್ಲಿ ಪಾವಗಡಕ್ಕೆ ಹಾರಿ, ಹನ್ನೆರಡೂಕಾಲಕ್ಕೆ ಹೊರಡುತ್ತಿದ್ದ ಪ್ರೈವೇಟ್ ಬಸ್ಸಿನ ಡ್ರೈವರ್ ಕೈಗೆ ಕವರು ಕೊಟ್ಟ.

ಅಲ್ಲಿಂದ ಮುಂದಿನ ಜವಾಬ್ದಾರಿ ಸಿದ್ದಗಂಗಯ್ಯನವರದು. ಎಂಬತ್ತೆರಡು ವರ್ಷ, ಕಣ್ಣು ಮಂಜು, ಆದರೆ ಆ ದಾರಿಯ ಬಸ್ಸುಗಳೆಲ್ಲ ಅವರಿಗೆ ನೆಂಟರಿದ್ದ ಹಾಗೆ. ಕೊರಟಗೆರೆಯ ಮನೆಯಲ್ಲಿ ಕೂತು ಫೋನಿನಲ್ಲಿ ಮಗಳಿಗೆ ಹೇಳಿದರು. “ನೀಲಿ ಬಸ್ಸಾ? ಅದ್ರ ಕಂಡಕ್ಟ್ರಿಗೆ ಹೆಣ್ಣು ನೋಡಿದ್ದು ನಾನೇ. ಮಿಡಿಗೇಶೀಲಿ ಕಾಫಿಗೆ ನಿಲ್ಲಿಸ್ತಾನೆ, ನಿಲ್ಲಿಸ್ಬುಟ್ರೆ ಕಾಲು ಗಂಟೆ ಹೋಯ್ತು. ನಂಬರು ಕೊಡು, ನಾನೇ ಹೇಳ್ತೀನಿ.” ಅದೇನು ಹೇಳಿದರೋ, ಬಸ್ಸು ಮಿಡಿಗೇಶಿಯಲ್ಲಿ ನಿಲ್ಲಲಿಲ್ಲ. ಎರಡಕ್ಕೆ ಐದು ನಿಮಿಷ ಇರುವಾಗಲೇ ಮಧುಗಿರಿಯಲ್ಲಿತ್ತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, “ಸಿದ್ದಗಂಗಯ್ಯನೋರ ಕಡೆ ಮೇಡಂ ಯಾರ್ರೀ?” ಎಂದು ಕೂಗುತ್ತಿದ್ದ. ನಾನು ಕೈಯೆತ್ತಿದೆ. ನನ್ನನ್ನು ಒಳಗೆಳೆದುಕೊಂಡರು. ಕವರು ನನ್ನ ಎದೆಗೆ.

ಒಂದು ಕಿಲೋಮೀಟರಿನೊಳಗೆ ಇಡೀ ಬಸ್ಸಿಗೆ ವಿಷಯ ಗೊತ್ತಾಯಿತು. ಹೇಳಿದವಳು ನಾನೇ, ತಡೆಯಲಾಗಲಿಲ್ಲ. ಕೂಡಲೇ ಎಲ್ಲರೂ ಡ್ರೈವರಿಗೆ ಬುದ್ಧಿ ಹೇಳಲು ಶುರು ಮಾಡಿದರು. “ಹಾರನ್ ಹೊಡಿಯಪ್ಪಾ”, “ಆ ಲಾರೀನ ಆಮೇಲೆ ನೋಡ್ಕೊ”, “ನಿದಾನವಾಗೇ ಹೋಗ್ಲಿ, ಮುಟ್ಟಿದ್ರೆ ಸಾಕು”. ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು, “ನನ್ನ ಊರಲ್ಲಿ ನಿಲ್ಲಿಸ್ಬೇಡ ಕಣಣ್ಣಾ, ಮುಂದಿನ ಸ್ಟಾಪ್ನಾಗೆ ಇಬ್ರು ಇಳೀತಾರೆ, ಅವ್ರ ಜೊತೇಲೇ ಇಳ್ಕಂಡು ಹಿಂದಕ್ಕೆ ನಡ್ಕಂಡು ಹೋಯ್ತೀನಿ” ಅಂದಳು. ಇಳಿಯುವಾಗ ಒಂದು ಮೊಳ ಕನಕಾಂಬರವನ್ನು ನನ್ನ ಕವರಿನ ಮೇಲಿಟ್ಟು ಹೋದಳು.

ಕೊರಟಗೆರೆ ಬಸ್‌ಸ್ಟ್ಯಾಂಡಿನ ನಟ್ಟನಡುವೆ ಸಿದ್ದಗಂಗಯ್ಯನವರು ಬಿಚ್ಚಿದ ಕೊಡೆ ಹಿಡಿದು ನಿಂತಿದ್ದರು. ಬಸ್ಸು ನಿಲ್ಲಿಸಲೆಂದಲ್ಲ, ನಿಲ್ಲಿಸದಿರಲೆಂದು. ಕೊಡೆಯನ್ನು ಎರಡೂ ಕೈಯಲ್ಲಿ ಬೀಸುತ್ತ, “ಹೋಗ್ರೋ! ಹೋಗ್ರೋ!” ಎಂದು ಅವರು ಕುಣಿದ ಕುಣಿತವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಮೂರೂ ನಲವತ್ತಕ್ಕೆ ನಾನು ಆಟೋದಿಂದ ಹಾರಿ ಸಮಿತಿಯ ಕೋಣೆಗೆ ನುಗ್ಗಿದೆ. ನಂದೀಶ್ವರಯ್ಯನವರು ಕವರು ಬಿಚ್ಚಿದರು. ಕನಕಾಂಬರ ಪಕ್ಕಕ್ಕಿಟ್ಟರು. ಸರ್ಟಿಫಿಕೇಟನ್ನು ಮೂಗಿನ ಹತ್ತಿರ ತಂದರು.

“ಯಾವ ಆಸ್ಪತ್ರೇಲಮ್ಮಾ ಸರ್ಟಿಫಿಕೇಟಿಗೆ ಮೆಂತ್ಯ ಹಾಕ್ತಾರೆ?”

ರಾಧಾಮಣಿ ತುಟಿ ಕಚ್ಚಿಕೊಂಡಳು. ಆಗಲಿಲ್ಲ. ಅವಳ ನಗು ಕೋಣೆ ತುಂಬಿ, ಹೊರಗಿನ ವರಾಂಡದವರೆಗೂ ಹೋಯಿತು. ನಂದೀಶ್ವರಯ್ಯನವರ ಮೀಸೆಯೂ ಅಲುಗಿತು. ಆಮೇಲೆ ಅವರು ಮಕ್ಕಳನ್ನು ಹತ್ತಿರ ಕರೆದು ಒಬ್ಬೊಬ್ಬರನ್ನೇ ಕೇಳಿದರು. ಅಂಜಿ, “ನಾಯಿ ಐತೆ” ಅಂದ. ಓಬಳೇಶ, “ಅಕ್ಕ ಎಲ್ಲಿಗೋ ಅಲ್ಲಿಗೆ” ಅಂದ. ಹಂಸವೇಣಿ ಎದ್ದು ನಿಂತು, “ಸರ್, ಅವ್ರು ದಿನಾ ಜಗಳ ಆಡ್ತಾರಂತೆ. ಬರೀ ಉಪ್ಪಿಗೆ. ಪರವಾಗಿಲ್ಲ, ಹೋಗ್ತೀವಿ” ಎಂದಳು.

ಆದೇಶ ಕೈಗೆ ಬಂದಾಗ ಕದರಪ್ಪ ಅದನ್ನು ಓದಲಿಲ್ಲ. ಅವನ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ. ಮಂಜಮ್ಮ ಕಾಗದ ಕಿತ್ತುಕೊಂಡು, “ಕೊಡಿಲ್ಲಿ, ಇದ್ನೂ ಡಬ್ಬಿ ಹಿಂದೆ ಇಟ್ಬುಟ್ಟೀಯ” ಎಂದು ಕುಪ್ಪಸದೊಳಗೆ ಸೇರಿಸಿದಳು.

ಮೊದಲ ತಿಂಗಳುಗಳು ಸುಲಭವಾಗಿರಲಿಲ್ಲ. ಅವಳಿಗಳು ಬೇಗ ಒಗ್ಗಿದರು. ನಾಯಿಯನ್ನು ಹಿಡಿದು ಸ್ನಾನ ಮಾಡಿಸಿದರು, ಹೊಸ ಬಣ್ಣದ ಬಾಗಿಲ ಮೇಲೆ ಇಪ್ಪತ್ತರ ತನಕ ಮಗ್ಗಿ ಬರೆದರು. ಕದರಪ್ಪ ನಾಲ್ಕನೇ ಸಲ ಬಣ್ಣ ಹೊಡೆದ, ಈ ಸಲ ಕಾರಣ ಇತ್ತು. ಹಂಸವೇಣಿ ಮಾತ್ರ ಬಿಗಿಯಾಗಿಯೇ ಇದ್ದಳು. ತಮ್ಮಂದಿರ ತಲೆಗೆ ಎಣ್ಣೆ ಹಚ್ಚುವುದು, ಊಟ ಬಡಿಸುವುದು, ಉಗುರು ಕತ್ತರಿಸುವುದು ಎಲ್ಲ ಅವಳೇ. ಮಂಜಮ್ಮನನ್ನು ಹತ್ತಿರ ಬಿಡುತ್ತಿರಲಿಲ್ಲ. ಅಕ್ಕಿ ಡ್ರಮ್ಮಿನ ಹಿಂದೆ ರೊಟ್ಟಿ ಚೂರು ಬಚ್ಚಿಟ್ಟಿರುತ್ತಿದ್ದಳು. ರಾಧಾಮಣಿ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದಳು. “ಏನು ಮಾಡ್ಲಿ ಅಮ್ಮಾ?” ಎಂದು ಮಂಜಮ್ಮ ಕೇಳಿದರೆ, “ಏನೂ ಮಾಡ್ಬೇಡಿ. ರೊಟ್ಟಿ ಒಣಗಿದ್ರೆ ತೆಗೆದು ಬಿಸಿದು ಇಟ್ಬುಡಿ” ಎಂದಳು. ಮಂಜಮ್ಮ ಹಾಗೇ ಮಾಡಿದಳು. ಬಚ್ಚಿಟ್ಟ ಜಾಗದಲ್ಲಿ ದಿನಾ ಬಿಸಿ ರೊಟ್ಟಿ.

ಆಷಾಢದಲ್ಲಿ ಹಂಸವೇಣಿಗೆ ಜ್ವರ ಬಂತು. ಮೂರು ದಿನ ಎದ್ದೇಳಲಿಲ್ಲ. ಮಲಗಿದಲ್ಲಿಂದಲೇ ನೋಡಿದಳು. ಮಂಜಮ್ಮ ಓಬಳೇಶನ ಉಗುರು ಕತ್ತರಿಸಿದಳು, ಅಂಜಿಗೆ ಮಜ್ಜಿಗೆ ಕೊಡಲಿಲ್ಲ, ಇಬ್ಬರನ್ನೂ ಬೈದು ಮಲಗಿಸಿದಳು. ನಾಲ್ಕನೇ ದಿನ ಜ್ವರ ಬಿಟ್ಟಿತು. ಹುಡುಗಿ ಎದ್ದು, ಮುಖ ತೊಳೆದು, ತಮ್ಮಂದಿರ ಕಡೆ ಒಂದು ಸಲ ನೋಡಿ, ಸುಮ್ಮನೆ ಬೀದಿಗೆ ಹೋದಳು. ಪಕ್ಕದ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಕತ್ತಲಾಗುವ ತನಕ ಬರಲಿಲ್ಲ. ಬಂದಾಗ ಮೊಣಕಾಲು ತರಚಿತ್ತು, ಲಂಗ ಹರಿದಿತ್ತು. ಮಂಜಮ್ಮ ಅವಳಿಗೆ ಚೆನ್ನಾಗಿ ಬೈದು, ಒಳಗೆ ಹೋಗಿ ರಾಧಾಮಣಿಗೆ ಫೋನ್ ಮಾಡಿದಳು. “ಅಮ್ಮಾ, ಆಡಿ ಬಂದವ್ಳೆ! ಲಂಗ ಹರ್ಕೊಂಡು ಬಂದವ್ಳೆ!” ಮರುದಿನ ಗಿರಣಿಗೆ ಬಂದವರಿಗೆಲ್ಲ ಮಹಡಿಯಿಂದ ಬಾಳೆಹಣ್ಣು ಹಂಚಿಕೆ ಆಯಿತು.

ಈಗ ನಾಲ್ಕು ತಾಲ್ಲೂಕಿನಲ್ಲಿ ಹದಿನಾಲ್ಕು ಪೋಷಕ ಕುಟುಂಬಗಳಿವೆ. ಅದರಲ್ಲಿ ಐದು ತಿರುಮಣಿ ಸುತ್ತಮುತ್ತಲಿನವು. ಹೊಸಬರು ಬಂದರೆ ರಾಧಾಮಣಿ ಮೊದಲು ಮಂಜಮ್ಮನ ಹತ್ತಿರ ಕಳಿಸುತ್ತಾಳೆ. ಮಂಜಮ್ಮ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಪಾಠ ಹೇಳುತ್ತಾಳೆ. ಕದರಪ್ಪ ಶಾಲೆಯ ಉಸ್ತುವಾರಿ ಸಮಿತಿಯಲ್ಲಿದ್ದಾನೆ. ಗಂಡ ಹೆಂಡತಿ ಮೂವರನ್ನೂ ದತ್ತು ಪಡೆಯಲು ಅರ್ಜಿಯನ್ನೂ ಹಾಕಿದ್ದಾರೆ.

ಹೋದ ತಿಂಗಳು ಈ ಕುಟುಂಬಗಳನ್ನೆಲ್ಲ ಮಧುಗಿರಿಯ ಶಾಲಾ ಮೈದಾನದಲ್ಲಿ ಸೇರಿಸಿದ್ದರು. ಹಫೀಜ್ ಸಾಬರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಅಪ್ಪ ಅಮ್ಮಂದಿರಿಗೆ ಗೋಣಿಚೀಲದ ಓಟ ಇಟ್ಟರು. ಪೀಪಿ ಊದಬೇಕಾದ ರಾಧಾಮಣಿ ತಾನೇ ಒಂದು ಚೀಲಕ್ಕೆ ಇಳಿದು, ಮೂರನೇ ನೆಗೆತಕ್ಕೆ ಬಿದ್ದು, ಬಿದ್ದಲ್ಲೇ ನಗುತ್ತ ಉಳಿದಳು. ಅವಳನ್ನು ಎತ್ತಲು ಹೋದ ಶಾಜಿಯಾಳೂ ಬಿದ್ದಳು. ಮಂಜಮ್ಮ ಇಬ್ಬರನ್ನೂ ದಾಟಿ ಹಾರಿ ಗೆದ್ದಳು. ಬಹುಮಾನ ಒಂದು ಪ್ಲಾಸ್ಟಿಕ್ ಬಕೆಟ್ಟು.

ಸಂಜೆ ಪಾವಗಡದ ಬಸ್ಸಿಗೆ ಹೊತ್ತಾಯಿತು. ಹಂಸವೇಣಿ ಮೈದಾನದ ಅಂಚಿನ ಹುಣಸೆಮರ ಹತ್ತಿ ಕೂತಿದ್ದಳು. ಕೆಳಗೆ ನಿಂತು ಎಲ್ಲರೂ ಕರೆದರು. “ಬರಲ್ಲ” ಎಂದಳು ಮೇಲಿಂದ. “ಇನ್ನೊಂದು ಸ್ವಲ್ಪ ಹೊತ್ತು ಅಮ್ಮಾ!” ಕದರಪ್ಪ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. ಬಸ್ಸು ಹೋಯಿತು.